ಕಟ್ಟಿಗ್ಯಾಗಿನ ಸಿಟ್ಟು

ಕಟ್ಟಿಗಿ ಕೊಯ್ಯೋ ಮನಿಗೆ ಸೊಸಿಯಾಗಿ ಬಂದ ಮ್ಯಾಲ ನಗಿ ಹುಡುಕಿಕೊಂಡು ನಾ ಎಲ್ಲಿಗೂ ಹೋಗಲಿಲ್ಲ. ವಾರಕ್ಕೊಮ್ಮೆ ಅದೇ ನಮ್ಮ ಅಂಗಳಕ್ಕ ಬಂದು ನಿಂದರ್ತಿತ್ತು. ನಮ್ಮದು ಚಿತ್ತಾಪುರ. ಚಿಂಚೋಳಿ ಕಡಿಂದ ಬಂಡಿ ಮ್ಯಾಲ ದಿಮ್ಮಿ ಬರ್ತಿದ್ದವು, ನಮ್ಮ ಮನಿಯವರು ಅವನ್ನ ಕೊಯ್ದು ಹಲಗಿ, ತೊಲಿ ಮಾಡಿ ಕೊಡೋರು. ಅವರ ಜೋಡಿ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದರು. ಊರೆಲ್ಲ ಅವರಿಗೆ ಚಾಚಾ ಅಂತಿತ್ತು, ನಾನೂ ಹಂಗೇ ಅಂದೆ.

ಈ ಇಬ್ಬರ ಬಾಯಾಗ ಹೊತ್ತು ಹೊಂಡೂದು ಮುಳುಗೂದು ಒಂದೇ ಮಾತು: ಸಿಟ್ಟು. ವಾಲಿ ಬೆಳೆದ ಗಿಡದ ಒಳಗ ಒಂದು ಬಿಗಿ ಕುಂತಿರ್ತದ. ದಿಮ್ಮಿ ಇಡಿಯಾಗಿ ಇರೋತನಕ ಸುಮ್ಮನಿರ್ತದ. ಗರಗಸ ಬಿತ್ತೋ, ಹಲಗಿ ಬಿಲ್ಲಿನಂಗ ಬಗ್ಗಿ ನಿಂದರ್ತದ, ಇಲ್ಲಾ ಗರಗಸನೇ ಕಚ್ಚಿ ಹಿಡೀತದ. ಅದಕ್ಕ ಇವರು ಸಿಟ್ಟು ಅಂತಿದ್ರು. ಈ ಮಗ್ಗಲದಿಂದ ಒಂದು ಹಲಗಿ ತೆಗದ್ರ, ದಿಮ್ಮಿ ಹೊರಳಿಸಿ ಆ ಮಗ್ಗಲದಿಂದ ಒಂದು ತೆಗೀಬೇಕು. ಆಮ್ಯಾಲ ನಡುನಡುವ ಸಣ್ಣ ಪಟ್ಟಿ ಕೊಟ್ಟು ಹಲಗಿ ಒಂದರ ಮ್ಯಾಲ ಒಂದು ಒಟ್ಟಿ, ಮ್ಯಾಲ ಶಹಾಬಾದ ಫರಸಿ ಕಲ್ಲು ಹೇರಿ ವರ್ಷಗಟ್ಲೆ ಒಣಗಲಿಕ್ಕ ಬಿಡಬೇಕು. ಅಷ್ಟು ಮಾಡಿದ್ರ ಸಿಟ್ಟು ಇಳೀತದ. ಕಟ್ಟಿಗಿದು ಇಳೀತು. ಆದ್ರ ಆ ಮಾತು ನಮ್ಮ ಮನ್ಯಾಗ ಎಬ್ಬಿಸಿದ ಗದ್ದಲ ಇಳೀಲಿಲ್ಲ.

ಕೊಡ್ಲಿಯಿಂದ ಬಂದದ್ದು

ನನ್ನ ತವರು ಕೊಡ್ಲಿ. ಲಗ್ನಾಗಿ ಎಂಟು ದಿನ ಆಗಿತ್ತು. ಒಲಿ ಮುಂದ ಕುಂತು ರೊಟ್ಟಿ ಬಡೀಲಿಕತ್ತಿದ್ದೆ, ಹೊರಗಿಂದ ಇವರ ದನಿ ಕೇಳಿತು.

"ನೋಡ್ಲಿಕ್ಕ ಚಂದ ಅದ, ಚಾಚಾ. ಒಳಗ ಬರೀ ಸಿಟ್ಟು. ಕೊಡ್ಲಿದು ಅಂದಾಗೇ ನನಗ ಸಂಶೆ ಬಂದಿತ್ತು."

"ಸಣ್ಣದಿದ್ದಾಗಿಂದ ವಾಲಿ ಬೆಳದದ," ಅಂದ್ರು ಚಾಚಾ. "ಮ್ಯಾಲ ಭಾರ ಹಾಕು. ವರ್ಷದಾಗ ಸೀದಾ ಆಗ್ತದ."

ನಮ್ಮ ಕಡಿ ಹೆಣ್ಣಮಕ್ಕಳಿಗೂ 'ಅದ' ಅಂತಾರ, ಕಟ್ಟಿಗಿಗೂ 'ಅದ' ಅಂತಾರ. ನಾ ಏನು ತಿಳೀಬೇಕು? ಹಿಟ್ಟಿನ ಕೈ ತೊಳದು, ಎರಡು ಸೀರಿ ಗಂಟು ಕಟ್ಟಿ ಹೊರಗ ಬಂದೆ. ಎಲ್ಲಿಗೆ ಅಂತ ಇವರು ಕೇಳಿದ್ರು. ಕೊಡ್ಲಿಗೆ, ಅಂದೆ, ಸಿಟ್ಟು ಅಲ್ಲೇ ಇಳಿಸಿಕೊಂಡು ಬರ್ತೀನಿ, ಭಾರ ಹಾಕೋ ತ್ರಾಸ ನಿಮಗ ಬ್ಯಾಡ. ಮೊದಲು ತಿಳದದ್ದು ಚಾಚಾಗ. ನಕ್ಕ ರಭಸಕ್ಕ ಕೊಯ್ಯೋ ತಗ್ಗಿನಾಗ ಜಾರಿ ಬಿದ್ದು, ಅಲ್ಲಿಂದನೇ ಕೈ ಎತ್ತಿ, ಹಿಂದಿನ ದಿನ ಕೊಡ್ಲಿಯಿಂದ ಬಂದ ದಿಮ್ಮಿ ತೋರಿಸಿದ್ರು.

ಆ ದಿಮ್ಮಿ ಹಲಗಿ ವರ್ಷದಾಗ ಸೀದಾ ಆದವು. ನಿನಗ ಇನ್ನೊಂದು ವರ್ಷ ಬೇಕು ಅಂತ ಇವರು ನನಗ ನಲವತ್ತು ವರ್ಷ ಅಂದ್ರು.

ಬೆಣಿ ಬ್ಯಾಳಿ

ಆವಾಗಿನ್ನೂ ಮಷೀನ್ ಇರಲಿಲ್ಲ. ತಗ್ಗಿನ ಮ್ಯಾಲ ದಿಮ್ಮಿ ಇಟ್ಟು, ಮ್ಯಾಲ ಒಬ್ಬರು, ತಗ್ಗಿನಾಗ ಒಬ್ಬರು ನಿಂತು ಆಳೆತ್ತರದ ಗರಗಸ ಜಗ್ಗೋದು. ಸೀಳು ಮುಚ್ಚಿ ಗರಗಸ ಕಚ್ಚಬಾರದಂತ ಅದರಾಗ ಬೆಣಿ ಬಡಿಯೋರು. ಒಂದಿನ ಸಾಗವಾನಿ ದಿಮ್ಮಿ ಗರಗಸ ಕಚ್ಚಿತು, ನೋಡಿದ್ರ ಬೆಣಿ ಜಾಗಾದಾಗ ಇಲ್ಲ. ಹ್ಯಾಂಗಿರ್ತದ? ನೀರಿನ ಗಡಿಗಿ ಅಲುಗಾಡ್ತದಂತ ಮುಂಜಾನಿ ನಾನೇ ಒಯ್ದು ಅದರ ಬುಡಕ್ಕ ಕೊಟ್ಟಿದ್ದೆ. ಹೇಳಿದ್ರ ಬೈತಾರಂತ ಸುಮ್ಮನಿದ್ದೆ.

ಇವರು ಒಳಗ ಓಡಿ ಬಂದ್ರು. ಕೈಗೆ ಸಿಕ್ಕದ್ದು ನಾ ಬ್ಯಾಳಿ ತಿರುವೋ ಕಟ್ಟಿಗಿ ಸೌಟು. ಒಯ್ದು ಅದರ ಹಿಡಿಕಿನೇ ಸೀಳಿನಾಗ ಬಡದ್ರು. ಅವರ ಕೆಲಸ ನಡೀತು, ನನ್ನ ಬ್ಯಾಳಿ ತಳ ಹಿಡೀಲಿಕತ್ತು. ನಾ ಏನು ಮಾಡ್ಲಿ, ಗಡಿಗಿ ಬುಡದಾಗಿನ ಬೆಣಿ ತೆಗದು, ತೊಳದು, ಅದರಲೇ ತಿರುವಿದೆ.

ಮಧ್ಯಾಹ್ನ ಚಾಚಾ ಉಣ್ಣಲಿಕ್ಕ ಕುಂತ್ರು. ಎರಡು ತುತ್ತು ತಿಂದ್ರು, ಮೂಸಿ ನೋಡಿದ್ರು, ನನ್ನ ಕಡಿ ನೋಡಿದ್ರು.

"ಬೇಟಿ, ಬ್ಯಾಳಿ ಭಾಳ ಚಲೋ ಆಗ್ಯಾದ. ಎಷ್ಟು ವರ್ಷ ಒಣಗಿಸಿದ್ದಿ?"

ಎರಡು ಕಪ್ ಚಾ

ಮುಂದ ಕರೆಂಟ್ ಬಂತು, ಆರಾ ಮಷೀನ್ ಬಂತು, ಗರಗಸ ತಾನೇ ತಿರುಗ್ಲಿಕತ್ತು. ಸಿಟ್ಟು ಮಾತ್ರ ಹೋಗಲಿಲ್ಲ. ಹಲಗಿ ಹೆಚ್ಚಾದವು, ಹೇರಲಿಕ್ಕ ಫರಸಿ ಸಾಲದಾತು. ಆವಾಗ ಇವರು ಗಿರಾಕಿಗೆ ಖುರ್ಚಿ ಕೊಡೋದು ಬಿಟ್ರು. "ಬರ್ರಿ, ಇಲ್ಲೇ ಕುಂದ್ರಿ" ಅಂತ ಹಲಗಿ ಒಟ್ಟಿದ್ದರ ಮ್ಯಾಲೇ ಕೂಡಿಸೋರು. ಸಾಲಿ ಮಾಸ್ತರು ತೆಳ್ಳಗಿದ್ರು, ಅವರಿಗೆ ತುದಿ. ವಾಡಿ ರೈಲ್ವೇದಾಗಿನ ಒಬ್ಬ ಗಾರ್ಡ್ ಮೂರು ಮಂದಿ ತೂಕದಾಂವ, ಅವಗ ನಟ್ಟನಡುವ. ತೆಳ್ಳಗಿನವರಿಗೆ ಒಂದು ಕಪ್ ಚಾ, ದಪ್ಪನವರಿಗೆ ಎರಡು. ಎರಡನೇದು ಕುಡಿಯೋತನಕ ಅವರು ಏಳೋದಿಲ್ಲಲ್ಲ.

ಒಂದಿನ ಮಾಸ್ತರು ನನ್ನ ಕರದು, ಅಕ್ಕಾ, ನನಗ್ಯಾಕ ಯಾವಾಗಲೂ ಒಂದೇ ಕಪ್ ಅಂತ ಕೇಳಿದ್ರು. ಇನ್ನೊಂದೀಟು ಉಂಡು ಬರ್ರಿ, ಕೊಡ್ತೀನಿ ಅಂದೆ.

ಸೇಡಂದವರು

ಇಷ್ಟು ದಿನ ನಗಿಸಿದ ಮಾತು ಒಂದು ಸಲ ಅಳಿಸಿತು. ಮಗಳಿಗೆ ಗಂಡು ನೋಡ್ಲಿಕತ್ತಿದ್ದೆವು. ಸೇಡಂನಿಂದ ಗಂಡಿನ ಕಡಿ ಇಬ್ಬರು ಹಿರೇರು ಬಂದು, ಮನಿಗೆ ಬರದೇ ಸೀದಾ ಮಷೀನ್ ಹತ್ರ ಹೋದ್ರು. ಆ ಸಪ್ಪಳದಾಗ ಇವರಿಗೆ ಅರ್ಧ ಮಾತು ಕೇಳ್ತದ, ಅರ್ಧ ಇಲ್ಲ. ಹುಡುಗಿ ಅನ್ನೋದು ಸಪ್ಪಳದಾಗ ಹೋತು, ಹ್ಯಾಂಗ ಅದ ಅನ್ನೋದಷ್ಟೇ ಕಿವಿಗೆ ಬಿತ್ತು. ಗಿರಾಕಿ ಅಂತ ತಿಳದು, ಗರಗಸದ ಮ್ಯಾಲಿನ ಕಣ್ಣು ತೆಗೀದೇ ಇವರು ಅಂದ್ರು:

"ನೋಡ್ಲಿಕ್ಕ ಚಂದ ಅದ್ರಿ. ಆದ್ರ ಒಳಗ ಸಿಟ್ಟು ಅದ. ಈಗ ಒಯ್ದ್ರ ನಿಮ್ಮ ಮನಿಗೆ ಹೋಗಿ ಸೊಟ್ಟ ಆಗ್ತದ."

ಅವರು ಮಾರಿ ಮಾರಿ ನೋಡಿಕೊಂಡು, ಇದಕ್ಕಿಂತ ಸಣ್ಣದು ಇನ್ನೊಂದು ಅದೇನು ಅಂತ ಕೇಳಿದ್ರು.

"ಸಣ್ಣದು ಇಲ್ರಿ. ಬೇಕಂದ್ರ ಇದನ್ನೇ ಎರಡು ಸೀಳಿ ಕೊಡ್ತೀನಿ."

ಸೇಡಂ ಬಸ್ಸು ಹತ್ತೋತನಕ ಅವರು ಹೊಳ್ಳಿ ನೋಡಲಿಲ್ಲ. ಚಿತ್ತಾಪುರದ ಆ ಹುಡುಗಿಗೆ ಭಾಳ ಸಿಟ್ಟಂತ, ಹಡದ ಅಪ್ಪನೇ ಹೇಳ್ಯಾನಂತ, ಅಂತ ಸುದ್ದಿ ವಾಡಿತನಕ ಹೋತು. ಎರಡು ವರ್ಷ ನಮ್ಮ ಮನಿಗೆ ಯಾವ ಗಂಡಿನ ಕಡಿಯವರೂ ಬರಲಿಲ್ಲ. ಓರಗಿ ಹುಡುಗ್ಯಾರೆಲ್ಲ ಲಗ್ನಾಗಿ ಹೋದವು. ಮಗಳು ಅಪ್ಪನ ಜೋಡಿ ಮಾತು ಬಿಡ್ತು. ಆವಾಗ ಖರೇನೇ ಸಿಟ್ಟು ಬಂದಿತ್ತು ಅದಕ್ಕ.

ಶಹಾಬಾದದವರು

ಕಡೀಕ ಶಹಾಬಾದದಿಂದ ಒಂದು ಸಂಬಂಧ ಬಂತು. ಇದೂ ಹೋದ್ರ ಮುಂದ ಯಾರೂ ಬರೂದಿಲ್ಲ ಅಂತ ನಮಗೆಲ್ಲರಿಗೂ ಗೊತ್ತಿತ್ತು. ಮಷೀನ್ ಬಂದ್ ಮಾಡಿಸಿದೆ. ಸಿಟ್ಟು ಅನ್ನೋ ಮಾತು ಬಾಯಾಗ ಬರಬಾರದು ಅಂತ ಇವರ ಕಡಿಂದ ಆಣಿ ಹಾಕಿಸಿಕೊಂಡೆ, ಚಾಚಾನ ಕಡಿಂದನೂ. ಒಳಗ ಜಮಖಾನಿ ಹಾಸಿದೆ.

ಹುಡುಗನ ಅಪ್ಪ ಬಾಗಲಾಗ ಅಡ್ಡಾಗಿ ಬರೋವಷ್ಟು ದಪ್ಪ. ನೋಡಿದ ಕೂಡ್ಲೇ ಇವರ ಕಣ್ಣು ಮಿಂಚಿದ್ದು ನನಗ ಕಂಡಿತು. ಮಗಳ ಲಗ್ನದ ಪಲ್ಲಂಗಕ್ಕಂತ ಎರಡು ದಿನದ ಹಿಂದ ಕೊಯ್ದ ಹಲಗಿ ಅಂಗಳದಾಗ ಒಟ್ಟಿದ್ರು, ಮ್ಯಾಲಿಂದು ಆಗ್ಲೇ ತಲಿ ಎತ್ತಲಿಕತ್ತಿತ್ತು.

"ಒಳಗ ಸೆಕಿ ಭಾಳ," ಅಂದ್ರು ಇವರು. "ಇಲ್ಲೇ ಕುಂದ್ರಿ."

ಕೂಡಿಸಿದ ಮ್ಯಾಲ ಏಳಲಿಕ್ಕ ಬಿಡಲಿಲ್ಲ. ಅವರು ಎಲಿ ಉಗುಳಬೇಕಂತ ಏಳಲಿಕ್ಕ ಹೋದ್ರ, ಇವರು ಪೀಕದಾನಿ ತಂದು ಹಿಡದ್ರು. ನೀರಿಗೆ ಏಳ್ತೀನಂದ್ರ, ತಂಬಗಿ ಬಂತು. ಹುಡುಗಿ ನೋಡ್ಲಿಕ್ಕ ಒಳಗ ಬರ್ತೀವಿ ಅಂದ್ರ, ಹುಡುಗಿನೇ ಅಂಗಳಕ್ಕ ಬಂತು. ಇಂಥಾ ಮರ್ಯಾದಿ ನಾ ಎಲ್ಲೂ ಕಂಡಿಲ್ಲ ಅಂತ ಅವರು ಕಣ್ಣಾಗ ನೀರು ತಂದ್ರು. ನಮಗ ಹುಡುಗಿ ಒಪ್ಪಿಗಿ ಅದ, ಸಕ್ರಿ ಹಂಚ್ರಿ ಅಂದ್ರು.

ಸಕ್ರಿ ತಾಟು ಬಾಜೂಕ ಹಲಗಿ ಮ್ಯಾಲೇ ಇತ್ತು. ಇವರನ್ನ ಅಪ್ಪಿಕೊಳ್ಳಬೇಕಂತ ಅವರು ಎದ್ದು ನಿಂತ್ರು.

ಹಲಗಿ ಠಪ್ ಅಂತ ಮ್ಯಾಲ ಹಾರಿ ಅವರ ಹಿಂದ ಬಡೀತು. ತಾಟು ಹಾರಿತು. ಸಕ್ರಿ ಅವರ ರುಮಾಲಿನ ಮ್ಯಾಲ, ಮೀಸಿ ಮ್ಯಾಲ.

ಇದೇನು ಅಂದ್ರು ಅವರು. ಆಣಿ ಹಾಕಿದ ನಮ್ಮ ಮನಿಯವರು ಮೀನಿನಂಗ ಬಾಯಿ ತೆರದು ಮುಚ್ಚಿದ್ರು. ಚಾಚಾ ಮುಗಿಲು ನೋಡಿದ್ರು. ಎರಡು ವರ್ಷದ ಹಿಂದಿನ ಸೇಡಂ ಬಸ್ಸು ನನ್ನ ಕಣ್ಣ ಮುಂದ ಹೋತು.

"ಸಿಟ್ಟುರಿ, ಮಾವಾ," ಅಂತು ಮಗಳು. "ನನಗಲ್ಲ, ಹಲಗಿಗೆ. ಮ್ಯಾಲ ಭಾರ ಇದ್ರ ಸುಮ್ಮನಿರ್ತದ."

ಅವರು ಹಲಗಿ ನೋಡಿದ್ರು, ತಮ್ಮ ಹೊಟ್ಟಿ ನೋಡಿಕೊಂಡ್ರು.

"ಅಂದ್ರ ಒಂದು ತಾಸಿಂದ ನನ್ನ ಫರಸಿ ಮಾಡಿ ಕೂಡಿಸೀರೇನು?"

"ಫರಸಿ ನಾವು ಯಾವಾಗಲೂ ಶಹಾಬಾದದಿಂದನೇ ತರಸ್ತೀವ್ರಿ," ಅಂತು ಮಗಳು.

ಆಮ್ಯಾಲ ಅವರ ಹೊಟ್ಟಿ ಅಲುಗಾಡ್ತು, ಮೀಸಿ ಮ್ಯಾಲಿನ ಸಕ್ರಿ ಉದುರಿತು. ಈ ಹುಡುಗಿ ಬಿಟ್ಟು ನಮಗ ಬ್ಯಾರೆ ಹುಡುಗಿ ಬ್ಯಾಡೇ ಬ್ಯಾಡ ಅಂತ, ನಕ್ಕು ನಕ್ಕು ನಿಂದರಲಿಕ್ಕಾಗದೇ, ಮತ್ತ ಅದೇ ಹಲಗಿ ಮ್ಯಾಲ ಧೊಪ್ಪಂತ ಕುಂತ್ರು.

ಇವರು ಬಗ್ಗಿ ಹಲಗಿ ನೋಡಿದ್ರು. ಸೀದಾ ಆಗಿತ್ತು. ನನ್ನ ಕಡಿ ತಿರುಗಿ ಮೆಲ್ಲಕ ಅಂದ್ರು:

"ಬೀಗರಿಗೆ ಇನ್ನೊಂದು ಕಪ್ ಚಾ ತಾ."