ಬಾವಿಗೆ ಎತ್ತಿದ ಆರತಿ

ಊರಿಗೆಲ್ಲ ಬುದ್ಧಿ ಹೇಳಬಹುದು, ಹೆತ್ತವ್ವನಿಗೆ ಹೇಳುವುದು ಕಷ್ಟ. ಊರಿನವರು ನಮ್ಮ ರುಮಾಲು ನೋಡುತ್ತಾರೆ. ಅವ್ವನೋ, ನಾವು ಮಣ್ಣು ತಿಂದು ಪೆಟ್ಟು ತಿಂದದ್ದನ್ನು ನೋಡಿದವಳು. ಚಿತ್ರದುರ್ಗದ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಹತ್ತಿಯ ಧಾರಣೆಯಿಂದ ಹಿಡಿದು ದಿವಾನರ ಆಡಳಿತದವರೆಗೆ ನಾನು ಅಭಿಪ್ರಾಯ ಹೇಳದ ವಿಷಯವಿಲ್ಲ, ಮತ್ತು ಅದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಹೀಗಿರುವಾಗ ಹಿಂದಿನ ಓಣಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡು, ಆಸ್ಪತ್ರೆಯ ಡಾಕ್ಟರು ಬಾವಿಗೆ ಹಾಕಲು ಕಪ್ಪು ಹರಳಿನ ಔಷಧಿ ಹಂಚಿದಾಗ, ನಮ್ಮ ಹಿತ್ತಲ ಬಾವಿಯ ಕೆಲಸವನ್ನು ನಾನು ಬೇರೆಯವರಿಗೆ ಬಿಡುತ್ತೇನೆಯೇ?

ಕೆಲಸವೇನೂ ಕಷ್ಟದ್ದಲ್ಲ. ಸಂಜೆ ಎಲ್ಲರೂ ನೀರು ಸೇದಿ ಮುಗಿಸಿದ ಮೇಲೆ ಹರಳನ್ನು ಒಂದು ಕೊಡ ನೀರಿನಲ್ಲಿ ಕೆಂಪಾಗುವಂತೆ ಕದಡಿ, ಆ ಕೊಡವನ್ನು ಬಾವಿಗೆ ಇಳಿಬಿಟ್ಟು, ಮೇಲೆ ಕೆಳಗೆ ಆಡಿಸಬೇಕು. ಬೆಳಗಾದರೂ ನೀರಿನಲ್ಲಿ ಕೆಂಪು ಉಳಿದಿದ್ದರೆ ಔಷಧಿ ಸಾಕಷ್ಟು ಬಿದ್ದಿದೆ ಎಂದರ್ಥ. ಉಳಿಯದಿದ್ದರೆ ಇನ್ನಷ್ಟು ಹಾಕಬೇಕು. ಆಮೇಲೆ ಆ ಕೆಂಪು ಹೋಗುವವರೆಗೆ ಸೇದಿ ಚೆಲ್ಲಿ, ತಿಳಿಯಾದ ನೀರನ್ನೇ ಕುಡಿಯಬೇಕು. ಹರಳನ್ನು ಬರಿಗೈಯಲ್ಲಿ ಮುಟ್ಟಬಾರದೆಂದೂ ಡಾಕ್ಟರು ಹೇಳಿದ್ದರು. ಅದು ತಿಳಿಯದವರಿಗೆ ಹೇಳಿದ ಮಾತೆಂದು ನಾನು ಮುಟ್ಟಿದೆ. ವಾರವೆಲ್ಲ ಗಿರಾಕಿಗಳು ನನ್ನ ಕಂದು ಬೆರಳು ನೋಡಿ, ಈ ಸೀರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದರು.

ಎಲ್ಲ ಸರಿಯಾಗಿ ಮಾಡಿ, ಅವ್ವನಿಗೆ ಹೇಳುವುದೊಂದನ್ನು ಬಿಟ್ಟಿದ್ದೆ. ಹೇಳಿದ್ದರೆ ಮಾಡಲು ಬಿಡುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ನೀರು ಸೇದಲು ಹೋದವಳು ಹಿತ್ತಲಿನಿಂದಲೇ ಕೂಗಿದಳು.

"ಲೇ ಬಸಣ್ಣ, ಯಾವಳೋ ಬಾವಿಗೆ ಆರತಿ ನೀರು ಸುರುವಿದಾಳೆ, ಬಾರೋ!"

ಹೋಗಿ ನೋಡಿದರೆ ಕೊಡದ ತುಂಬ ಅರಿಸಿನ ಸುಣ್ಣ ಕಲಸಿದಂಥ ಕೆಂಪು ನೀರು. ಹಿಂದಿನ ದಿನ ಪಕ್ಕದ ಮನೆಯ ಗೌರಮ್ಮ ಹೊಸ ಸೊಸೆಯನ್ನು ಆರತಿ ಎತ್ತಿ ಒಳಗೆ ಕರೆದುಕೊಂಡಿದ್ದಳು. ದೃಷ್ಟಿ ತೆಗೆದ ಆ ನೀರನ್ನು ಬೀದಿಗೆ ಚೆಲ್ಲುವ ಬದಲು ನಮ್ಮ ಬಾವಿಗೆ ಸುರಿದಿದ್ದಾಳೆಂದು ಅವ್ವನ ತೀರ್ಮಾನ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ಹೊರಟೇಬಿಟ್ಟಳು. ಗೌರಮ್ಮನ ಮರ್ಯಾದೆ ಉಳಿಸಲು ನಾನು ನಿಜ ಹೇಳಬೇಕಾಯಿತು.

"ಔಷಧಿನಾ? ಬಾವಿ ಗಂಗವ್ವಗೆ ಏನ್ ರೋಗ ಬಂದಿತ್ತಪ್ಪ? ಈ ನೀರು ಲಿಂಗದ ಮ್ಯಾಲೆ ಹಾಕಾಕಾಗಲ್ಲ. ನಾನು ಹೊಂಡಕ್ಕೆ ಹೋಗ್ತೀನಿ."

ರೋಗ ಬಂದ ಮನೆಯವರು ಬಟ್ಟೆ ಒಗೆಯುತ್ತಿದ್ದುದು ಆ ಹೊಂಡದಲ್ಲೇ. ಪೂಜೆಯಾಗದೆ ಅವ್ವ ಹನಿ ನೀರೂ ಮುಟ್ಟುವವಳಲ್ಲ. ಪೂಜೆಯಾದ ಮೇಲೆ ಮೊದಲು ಬಾಯಿಗೆ ಬೀಳುವುದೂ ಅದೇ ನೀರು. ರೋಗ ತರುವ ಹುಳದ ಕಥೆಯನ್ನೆಲ್ಲ ಹೇಳಿದೆ. "ಕಣ್ಣಿಗೆ ಕಾಣದ ಹುಳ ನಿನಗೆ ಹೆಂಗೆ ಕಾಣಿಸ್ತೋ?" ಎನ್ನುತ್ತ ಅವಳು ಕೊಡ ಸೊಂಟಕ್ಕೇರಿಸಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅವ್ವಾ, ಅದು ಆರತಿ ನೀರೇ! ಹಿಂದ್ಲ ಓಣಿಯವರ ಕಣ್ಣು ನಮ್ಮ ಬಾವಿ ಮ್ಯಾಲೆ ಬಿದ್ದಿತ್ತು. ನಾನೇ ಎತ್ತಿದೆ."

ಅವ್ವ ನಿಂತಳು. "ಗಂಡಸು ಆರತಿ ಎತ್ತೋದು ಎಲ್ಲಿ ಕಂಡಿದೀಯಲೇ? ಎತ್ತಿದ್ರೂ ಹೊರಗೆ ಚೆಲ್ಲಬೇಕು, ಒಳಗೆ ಸುರಿಯಾದಾ? ಕೆಂಪು ಒಂದ್ ಹನಿ ಉಳೀದಂಗೆ ಸೇದು. ಮೂರು ದಾರಿ ಕೂಡೋ ಕಡೆ ಚೆಲ್ಲು."

ಡಾಕ್ಟರು ಹೇಳಿದ್ದೂ ಅದನ್ನೇ, ಮೂರು ದಾರಿಯೊಂದನ್ನು ಬಿಟ್ಟು. ಅಂಗಡಿ ತೆರೆಯದೆ ಮಧ್ಯಾಹ್ನದವರೆಗೆ ಸೇದಿದೆ, ಹೊತ್ತೆ, ಚೆಲ್ಲಿದೆ. "ಯಾರಿಗೆ ದೃಷ್ಟಿ ತೆಗೀತಿದೀರಿ ಬಸಣ್ಣಾರೆ?" ಎಂದು ಗೌರಮ್ಮ ಜಗಲಿಯ ಮೇಲಿಂದ ನಕ್ಕಳು. ಅವಳ ಮರ್ಯಾದೆ ಉಳಿಸಿದವನು ನಾನೆಂದು ಅವಳಿಗೇನು ಗೊತ್ತು?

ಕೊನೆಗೂ ತಿಳಿನೀರು ಬಂತು. ಅವ್ವ ಚೆಂಬು ತುಂಬಿ ನನ್ನ ಮುಂದೆ ಹಿಡಿದಳು. "ನೀನೇ ಮೊದ್ಲು ಕುಡಿ." ಪೇಟೆಗೆಲ್ಲ ಧೈರ್ಯ ಹೇಳಿದ್ದ ನಾನು ಕಣ್ಣು ಮುಚ್ಚಿ, "ಶಿವಾ" ಎಂದು ಗಟಗಟ ಕುಡಿದೆ. "ಔಷಧಿ ಹಾಕಿದೋನು ಶಿವನ್ನ ಯಾಕೆ ಕರದ್ಯೋ?" ಎಂದು ನಗುತ್ತ ಅವಳು ಪೂಜೆಗೆ ಕುಳಿತಳು. ಪೂಜೆ ಮುಗಿಸಿ ಆ ನೀರನ್ನೇ ಕುಡಿದದ್ದನ್ನು ನೋಡಿದ ಮೇಲೆ ನನಗೆ ಜೀವ ಬಂದಂತಾಯಿತು.

ಈಗ ಓಣಿಯಲ್ಲಿ ಬಾವಿಯಿರುವವರೆಲ್ಲ ನನ್ನನ್ನು ಕರೆಯುತ್ತಾರೆ. ಔಷಧಿ ಹಾಕಿರಿ ಎಂದಲ್ಲ. "ನಮ್ಮ ಬಾವಿಗೂ ಒಂದ್ ಆರತಿ ಎತ್ತಿ ಬರ್ರಿ" ಎಂದು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ, ಜನ ಒಪ್ಪಲಿ ಎಂದು, ಹರಳಿನ ಡಬ್ಬಿಯ ಜೊತೆಗೆ ಆರತಿ ತಟ್ಟೆಯನ್ನೂ ಒಯ್ಯತೊಡಗಿದೆ. ಮೊನ್ನೆ ಒಬ್ಬರ ಮನೆಗೆ ತಟ್ಟೆ ಮರೆತು ಹೋಗಿದ್ದೆ. ಅಲ್ಲಿ ಯಾರೂ ಅದನ್ನು ಕೇಳಲಿಲ್ಲ. ಆದರೂ ಹರಳು ಕದಡುತ್ತಿರುವಾಗ, ಔಷಧಿ ಸರಿಯಾಗಿ ಹತ್ತುವುದೋ ಇಲ್ಲವೋ ಎಂದು ಮನಸ್ಸು ತಡೆಯದೆ, ಮನೆಗೆ ಹೋಗಿ ತಟ್ಟೆ ತಂದೆ.