ಸಿರಾ ಮೇಲೆ ಒಂದು ಗೋಲು

ಬೇರೆ ಊರಿನ ಸ್ಟೇಡಿಯಂಗಳಲ್ಲಿ ಬರೀ ಆಟ ನಡೆಯುತ್ತದೆ. ಮಧುಗಿರಿಯ ಹೊರಗಿದ್ದ ನಮ್ಮ ಹಳೇ ಸ್ಟೇಡಿಯಂನಲ್ಲಿ ಆಟದ ಜೊತೆಗೆ ಇನ್ನೇನಾದರೂ ಒಂದು ನಡೆಯದೆ ಸಂಜೆಯೇ ಆಗುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೂ ಫುಟ್‌ಬಾಲಿಗೂ ಏನು ಸಂಬಂಧ ಅಂತ ಕೇಳಬೇಡಿ. ನನ್ನ ಗಂಟಲು ದೊಡ್ಡದು, ಕಾಮೆಂಟರಿ ಹೇಳಲು ಮೈಕು ಕೈಗೆ ಬಂತು, ಅಷ್ಟೆ. ಆಟ ಏನು ಅಂತ ಹೇಳಿಕೊಟ್ಟಿದ್ದು ಪಕ್ಕದಲ್ಲೇ ಕೂರುತ್ತಿದ್ದ ಕಂಡಕ್ಟರ್ ತಾತ.

ತಾತ ಸರ್ವೀಸಿನಲ್ಲಿದ್ದಷ್ಟು ಕಾಲವೂ ಸಿರಾ ರೂಟಿನ ಬಸ್ಸಿನಲ್ಲಿದ್ದವರು. ನಮ್ಮ ತಂಡ ಸಿರಾದವರ ಎದುರು ಒಂದೇ ಒಂದು ಗೋಲನ್ನೂ ಹೊಡೆದಿರಲಿಲ್ಲ. ಕೊರಟಗೆರೆ ಮೇಲೆ ಹೊಡೆದಿದ್ದೆವು, ಪಾವಗಡದ ಮೇಲೂ ಹೊಡೆದಿದ್ದೆವು. ಸಿರಾ ಅಂದರೆ ಮಾತ್ರ ಕಾಲು ಕಟ್ಟಿಹಾಕಿದ ಹಾಗೆ. ಬಸ್ಸು ಹತ್ತಿದ ಸಿರಾದವರೆಲ್ಲ ಟಿಕೆಟ್ ತೆಗೆದುಕೊಳ್ಳುವಾಗ "ಏನ್ ಕಂಡಕ್ಟ್ರೇ, ನಿಮ್ಮೋರು ಹೊಡುದ್ರಾ ಗೋಲು?" ಅಂತ ಕಿಚಾಯಿಸುತ್ತಿದ್ದರಂತೆ.

"ಸರ್ವೀಸಲ್ಲಂತೂ ಉತ್ರ ಕೊಡಕ್ಕಾಗ್ಲಿಲ್ಲ. ಈ ಸ್ಟೇಡಿಯಂ ಕೆಡವೋದ್ರೊಳಗೆ ಅದೊಂದು ಗೋಲು ಕಣ್ಣಾರೆ ನೋಡ್ಬುಟ್ರೆ ಸಾಕು ಕಣವ್ವಾ" ಅನ್ನುತ್ತಿದ್ದರು. ಹೊಸದು ಕಟ್ಟಲು ಹಳೆಯದನ್ನು ಕೆಡವುತ್ತಾರೆ ಅನ್ನುವ ಸುದ್ದಿ ಆಗಲೇ ಊರಲ್ಲಿ ಓಡಾಡುತ್ತಿತ್ತು.

ಬಸ್ಸಿನ ಹಾರನ್

ನಮ್ಮ ಕಾಯಂ ರೆಫರಿ ಕೊರಟಗೆರೆಯ ಒಬ್ಬ ಪಿ.ಟಿ. ಮೇಷ್ಟ್ರು. ಅವರ ಊರಿನ ಸಂಜೆ ಬಸ್ಸು ಸ್ಟೇಡಿಯಂ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಗೇಟಿನ ಹತ್ತಿರ ಹಾರನ್ ಕೇಳಿತೋ, ಇವರು ವಿಸಲ್ ಊದಿ, ಬ್ಯಾಗು ಹೆಗಲಿಗೆ ಹಾಕಿ ಓಡುತ್ತಿದ್ದರು. ಆಟ ಅಲ್ಲಿಗೆ ಮುಗಿಯಿತು. ಒಮ್ಮೆ ಸಿರಾ ಗೋಲಿನ ಮುಂದೆ ಚೆಂಡು ನಮ್ಮವರ ಕಾಲಲ್ಲೇ ಇದ್ದಾಗ ಹಾರನ್ ಆಯಿತು. ತಾತ ಗೇಟಿಗೆ ಓಡಿ ಬಸ್ಸಿಗೆ ಅಡ್ಡ ನಿಂತರು.

"ಎರಡೇ ನಿಮಿಷ ಕಣ್ಲಾ. ಒಂದು ಗೋಲು ಬೀಳ್ಲಿ."

ಡ್ರೈವರು ಹಿಂದೆ ತಾತನ ಜೊತೆ ಡ್ಯೂಟಿ ಮಾಡಿದ್ದವನು. ಇಂಜಿನ್ ಆಫ್ ಮಾಡಿದ. ಮೊದಲು ಗಂಡಸರು ಇಳಿದರು, ಆಮೇಲೆ ಹೆಂಗಸರು, ಕಡೆಗೆ ಡ್ರೈವರೂ ಇಳಿದು ಬಂದು ಮೆಟ್ಟಿಲ ಮೇಲೆ ಕೂತ. ಅರ್ಧ ಗಂಟೆ ಕಳೆಯಿತು. ಗೋಲು ಬೀಳಲಿಲ್ಲ. ಡ್ರೈವರು ಎದ್ದು ಪ್ಯಾಂಟು ಕೊಡವಿಕೊಂಡ.

"ತಾತಾ, ನಿಮ್ಮೋರು ಗೋಲು ಹೊಡೆಯೋಗಂಟ ಕಾದ್ರೆ ನಂಗೆ ಇಲ್ಲೇ ರಿಟೈರ್ಮೆಂಟ್ ಆಯ್ತದೆ."

ಮೆಟ್ಟಿಲ ಯಜಮಾನ್ತಿ

ಬೇಸಿಗೆ ಬಂದರೆ ಸ್ಟೇಡಿಯಂ ಮೆಟ್ಟಿಲು ಹುಣಸೆಹಣ್ಣಿನ ಪಾಲು. ಅಕ್ಕಪಕ್ಕದ ಹೆಂಗಸರು ಅಲ್ಲೇ ಒಣಹಾಕಿ, ಅಲ್ಲೇ ಕುಟ್ಟಿ, ಬೀಜ ಬಿಡಿಸುತ್ತಿದ್ದರು. ನಾವು ನೋಡುವವರು ಉಳಿದ ಜಾಗದಲ್ಲಿ ಮುದುಡಿಕೊಂಡು ಕೂರಬೇಕು. ಸಿರಾದವರ ಜೊತೆ ಇನ್ನೊಂದು ಮ್ಯಾಚಿನಲ್ಲಿ ನಮ್ಮವನೊಬ್ಬ ಒದ್ದ ಚೆಂಡು ಸೀದಾ ಹುಣಸೆಹಣ್ಣಿನ ರಾಶಿಗೆ ಬಿತ್ತು. ಅರ್ಧ ರಾಶಿ ಮಣ್ಣುಪಾಲು. ರಾಶಿಯ ಯಜಮಾನ್ತಿ ಅಜ್ಜಿ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

"ಅಜ್ಜೀ, ಬಾಲ್ ಕೊಡಿ" ಅಂತ ರೆಫರಿ ಕೈಮುಗಿದರು.

"ಕೊಡ್ತೀನಿ. ಮಣ್ಣಾಗಿರೋದ್ನೆಲ್ಲ ಆರ್ಸಿ, ಬೀಜ ಬುಡ್ಸಿ ಕೊಡಿ, ಆಮೇಲೆ ತಗಂಡೋಗಿ."

ಬೇರೆ ಚೆಂಡು ಇರಲಿಲ್ಲ. ಎರಡೂ ತಂಡ ಕಾಲು ಚಾಚಿ ಕೂತವು. ಅಜ್ಜಿ ರಾಶಿಯನ್ನು ಸಮನಾಗಿ ಎರಡು ಪಾಲು ಮಾಡಿದರು. ತಾತನೂ ನಮ್ಮವರ ಕಡೆ ಕೂತು ಕೈ ಜೋಡಿಸಿದರು. ನಾನು ಮೈಕಿನಲ್ಲಿ ಅದಕ್ಕೂ ಕಾಮೆಂಟರಿ ಹೇಳಿದೆ, ಸುಮ್ಮನಿರಲು ಆಗುವುದಿಲ್ಲ ನೋಡಿ.

ಅಲ್ಲೂ ಸಿರಾದವರೇ ಮೊದಲು ಮುಗಿಸಿದರು.

ಪಾವಗಡದ ನೆರಳು

ಪಾವಗಡದ ತಂಡದಲ್ಲಿ ಹೆಚ್ಚಿನವರು ವಳ್ಳೂರು ಕಡೆಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವವರು. ಮಧ್ಯಾಹ್ನ ಎರಡು ಗಂಟೆಗೇ ಆಟ ಇಡಿ ಅಂದರು. ನೆಲ ಹೆಂಚಿನ ಹಾಗೆ ಕಾದಿತ್ತು. ನಾನು ಕೊಡೆ ಹಿಡಿದುಕೊಂಡಿದ್ದು ನೋಡಿ ಅವರ ಕ್ಯಾಪ್ಟನ್‌ಗೆ ನಗು. "ಏಮಿ ಮೇಡಂ, ಇದೂ ಒಂದು ಎಂಡನಾ, ಬಿಸಿಲಾ? ನಮ್ ಕಡೆ ಇದನ್ನ ನೆರಳು ಅಂತಾರೆ" ಅಂದ.

ನಮ್ಮ ಹನ್ನೊಂದು ಜನವೂ ಮೆಟ್ಟಿಲುಗಳ ನೆರಳು ಬಿದ್ದ ಅಂಚಿನಲ್ಲೇ ಸಾಲಾಗಿ ಆಡಿದರು. ನೆರಳು ಎಷ್ಟು ಸರಿಯುತ್ತದೋ ತಂಡವೂ ಅಷ್ಟು ಸರಿಯುತ್ತಿತ್ತು. ನಾಲ್ಕು ಗಂಟೆ ಹೊತ್ತಿಗೆ ನೆರಳು ಪಾವಗಡದವರ ಗೋಲಿನ ಹತ್ತಿರ ಹೋಯಿತು, ನಾವು ಗೆದ್ದೆವು.

ತಾತ ಕುಣಿದಾಡಿದರು. "ಸಿರಾ ಮ್ಯಾಚೂ ಮಧ್ಯಾಹ್ನಕ್ಕೇ ಇಡ್ರಪ್ಪೋ!"

ಇಟ್ಟೆವು. ಅವತ್ತು ಬೆಳಗಿನಿಂದ ಮೋಡ.

ಸನ್ಮಾನ

ಕೆಡವುವುದು ಖಾತ್ರಿಯಾದ ಮೇಲೆ ಕಡೇ ಮ್ಯಾಚು ಸಿರಾದವರ ಜೊತೆಗೇ ಆಗಲಿ ಅಂತ ತೀರ್ಮಾನವಾಯಿತು. ನಮ್ಮ ಕಡೆ ಯಾವ ಕಾರ್ಯಕ್ರಮವಾದರೂ ಯಾರಿಗಾದರೂ ಒಬ್ಬರಿಗೆ ಶಾಲು, ಹಾರ, ಪೇಟ ಆಗಲೇಬೇಕು. ಈ ಸಲ ತಾತನಿಗೆ ಅಂತ ಸಂಘಟಕರು ಹೇಳಿದರು.

"ಆಟ ಮುಗುದ್ಮೇಲೆ ಮಾಡ್ರಪ್ಪ" ಅಂತ ತಾತ ಬೇಡಿಕೊಂಡರು. ಮುಖ್ಯ ಅತಿಥಿಗಳಿಗೆ ಬೇರೆ ಕಡೆ ಮದುವೆ ಇತ್ತು. ಆಟ ನಡೆಯುತ್ತಿರುವಾಗಲೇ ತಾತನನ್ನು ವೇದಿಕೆ ಹತ್ತಿಸಿದರು. ಫೋಟೋದವನು "ಈ ಕಡೆ ತಿರುಗಿ ತಾತಾ" ಅಂತ ಮೈದಾನಕ್ಕೆ ಬೆನ್ನು ಮಾಡಿಸಿದ. ಸನ್ಮಾನ ಪತ್ರ ಬರೆದಿದ್ದು ನಾನು, ಓದುತ್ತಿದ್ದವಳೂ ನಾನು. ಕನ್ನಡ ಮೇಡಂ ಬರೆದ ಮೇಲೆ ಕೇಳಬೇಕೆ, ಮೂರು ಪುಟ.

ಎರಡನೇ ಪುಟದಲ್ಲಿದ್ದಾಗ ಇಡೀ ಸ್ಟೇಡಿಯಂ ಹೋ ಅಂತ ಎದ್ದು ನಿಂತಿತು. ಚಪ್ಪಾಳೆ, ಶಿಳ್ಳೆ. ನನ್ನ ಬರವಣಿಗೆ ಇಷ್ಟು ಚೆನ್ನಾಗಿದೆಯೇ ಅಂತ ನಾನು ಉಬ್ಬಿಹೋದೆ. ತಾತ ಗಳಗಳ ಅತ್ತು, ಎಲ್ಲರಿಗೂ ಕೈಮುಗಿದರು.

ಬೆನ್ನ ಹಿಂದೆ ಗೋಲು ಬಿದ್ದಿತ್ತು.

ವಿಡಿಯೋ ಆದರೂ ಸಿಗಲಿ ಅಂತ ವಿಚಾರಿಸಿದರೆ ಎಲ್ಲರ ಮೊಬೈಲೂ ಸನ್ಮಾನದ ಕಡೆಗೇ ಇತ್ತು. ಮ್ಯಾಚು ಒಂದಕ್ಕೆ ಮೂರರಲ್ಲಿ ಸೋತೆವು, ಅದರ ಚಿಂತೆ ಯಾರಿಗೂ ಇರಲಿಲ್ಲ. ತಾತ ಪೇಟವನ್ನೂ ತೆಗೆಯದೆ ಕೂತಿದ್ದರು. ಆ ಮೂರು ಪುಟವನ್ನು ಅಲ್ಲೇ ಹರಿದುಹಾಕಬೇಕು ಅನ್ನಿಸಿತು ನನಗೆ. ಅಷ್ಟು ಸಂಕಟವಾಯಿತು.

ಆಗ ಸಿರಾದ ಗೋಲ್‌ಕೀಪರ್ ಹುಡುಗ ತಾನಾಗಿ ಬಂದ. "ಚಾಚಾ, ಬೇಜಾರು ಮಾಡ್ಕೋಬೇಡಿ. ಇನ್ನೊಂದ್ ಸಲ ಹೊಡೆಯಕ್ಕೆ ಹೇಳಿ, ನಾನು ಬಿಡ್ತೀನಿ."

ಗೋಲಿನ ಎದುರಿಗೇ ಕುರ್ಚಿ ಹಾಕಿ ತಾತನನ್ನು ಕೂರಿಸಿದೆವು. ಗೋಲು ಹೊಡೆದಿದ್ದ ಹುಡುಗನೇ ಮತ್ತೆ ಹೊಡೆದ. ಚೆಂಡು ಕಂಬದ ಮೇಲೆ ಹಾರಿ ರಸ್ತೆಗೆ ಹೋಯಿತು. ಎರಡನೇ ಸಲ ಕೀಪರ್ ಬೇಕೆಂದೇ ಪಕ್ಕಕ್ಕೆ ಸರಿದು ನಿಂತ, ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಮೂರನೆಯದು ಮೆಲ್ಲಗೆ, ನೇರವಾಗಿ ಬಂತು. ಕೀಪರ್ ಗಬಕ್ಕನೆ ಹಿಡಿದುಬಿಟ್ಟ.

"ಮಾಫ್ ಮಾಡಿ ಚಾಚಾ, ಕೈ ಸುಮ್ಕಿರ್ಲಿಲ್ಲ" ಅಂತ ನಾಲಿಗೆ ಕಚ್ಚಿಕೊಂಡ.

ತಾತ ಗೋಲಿನ ಕಡೆಗೊಮ್ಮೆ, ವೇದಿಕೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಎದ್ದು ಕುರ್ಚಿಯನ್ನು ಉಲ್ಟಾ ತಿರುಗಿಸಿ, ಗೋಲಿಗೆ ಬೆನ್ನು ಮಾಡಿ ನಮ್ಮ ಕಡೆ ಮುಖ ಹಾಕಿ ಕೂತರು.

"ಈಗ ಹೊಡಿಲಾ ಮಗ."

ಹೊಡೆದ. ಬಲೆ ಹರಿಯುವ ಹಾಗೆ ಒಳಗೆ ಹೋಯಿತು. ಸಿರಾದವರೂ ಸೇರಿ ಎಲ್ಲರೂ ಕಿರುಚಿದೆವು. ತಾತ ತಿರುಗಿ ನೋಡಲಿಲ್ಲ. ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡಿ ಮುಗಿಸಿ, ಕೊನೆಗೆ ನನ್ನನ್ನು ಗದರಿದರು.

"ಅಲ್ಲ ಕಣವ್ವಾ, ಇಂಗೆ ಕೂತ್ಕೋಬೇಕು ಅಂತ ಯಾರಾದ್ರೂ ಒಬ್ರು ಮೊದ್ಲೇ ಹೇಳ್ಬಾರ್ದಾ?"