ಮಾವನ ಕೀರ್ತಿಮಂದಿರ ಮತ್ತು ಪ್ಯಾಕೆಟ್ ಪುಡಿ

ಗ್ಯಾರೇಜಿನ ಗೋಡೆಯಲ್ಲಿ ಹನ್ನೊಂದು ಮೊಳೆಗಳಿವೆ. ಏಳರಲ್ಲಿ ಕಟ್ಟು ಹಾಕಿದ ಆಟಗಾರರ ಫೋಟೋಗಳು, ನಾಲ್ಕು ಖಾಲಿ. ಖಾಲಿ ಮೊಳೆಗಳ ಕೆಳಗೆ ಒಂದೊಂದು ಚೀಟಿ ಅಂಟಿಸಿದೆ: ‘ಅನರ್ಹ.’

ನನ್ನ ಸೋದರಮಾವನಷ್ಟು ನ್ಯಾಯವಂತ ಮನುಷ್ಯ ಭೂಮಿಯ ಈ ದಕ್ಷಿಣ ತುದಿಯಲ್ಲಿ ಇನ್ನೊಬ್ಬರಿಲ್ಲ. ಹಾಗೆಂದು ಅವರೇ ಹೇಳಿದ್ದಾರೆ.

ಮೈಸೂರಿನಲ್ಲಿ ಹುಟ್ಟಿ, ಕ್ರಿಕೆಟ್ ನೋಡುತ್ತ ಬೆಳೆದು, ರಗ್ಬಿಯ ದೇಶಕ್ಕೆ ವಲಸೆ ಬಂದು, ಕೊನೆಗೆ ಅಮೆರಿಕದ ಬೇಸ್‌ಬಾಲಿಗೆ ಭಕ್ತರಾದವರು ಅವರು. ಈ ರೊಟೊಟೂನ ಬಡಾವಣೆಯ ಮನೆಗೆ ಬಂದ ಹೊಸದರಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಅದೊಂದೇ ಬರುತ್ತಿತ್ತಂತೆ. ಬದಲಿಗೆ ತೋಟಗಾರಿಕೆಯ ಕಾರ್ಯಕ್ರಮ ಬಂದಿದ್ದರೆ ಎಷ್ಟು ಜನಕ್ಕೆ ಉಪಕಾರವಾಗುತ್ತಿತ್ತು! ಮಾವ ಬ್ಯಾಟು ಹಿಡಿದವರಲ್ಲ. ಚೆಂಡು ಹಿಡಿಯಲು ಹೋದದ್ದು ಒಂದೇ ಸಲ, ಆವತ್ತು ಕನ್ನಡಕ ಒಡೆಯಿತು. ಆದರೆ ಅಮೆರಿಕದ ಮಹಾನ್ ಆಟಗಾರರಿಗೆಂದೇ ಇರುವ ಕೀರ್ತಿಮಂದಿರಕ್ಕೆ ಯಾರು ಸೇರಬೇಕು, ಯಾರು ಸೇರಬಾರದು ಎಂಬ ಚಿಂತೆಯಲ್ಲಿ ಮಾವನ ಅರ್ಧ ಕೂದಲು ಉದುರಿದೆ.

ಸ್ಟೆರಾಯ್ಡ್ ಚುಚ್ಚಿಸಿಕೊಂಡು, ತೋಳು ಉಬ್ಬಿಸಿಕೊಂಡು ದಾಖಲೆ ಮಾಡಿದವರನ್ನು ಒಳಗೆ ಬಿಡಬಹುದೇ? ಬಿಡಬಾರದು! ಒಮ್ಮೆ ನಲ್ಲಿ ರಿಪೇರಿಗೆ ಬಂದ ಪ್ಲಂಬರ್‌ಗೂ ಈ ಪ್ರಶ್ನೆ ಹಾಕಿದರು. ಆತ ತನಗೆ ರಗ್ಬಿ ಮಾತ್ರ ಗೊತ್ತು ಎಂದ. ಸರಿ, ಬೇಸ್‌ಬಾಲ್ ಹುಟ್ಟಿದಲ್ಲಿಂದ ಪಾಠ ಶುರುವಾಯಿತು. ಪ್ಲಂಬರ್ ವ್ಯಾನಿನಲ್ಲಿ ಏನೋ ಮರೆತೆನೆಂದು ಹೊರಗೆ ಹೋದವನು ತಿರುಗಿ ಬರಲಿಲ್ಲ. ನಲ್ಲಿ ಈಗಲೂ ಸೋರುತ್ತಿದೆ.

ಯಾರ ಫೋಟೋ ಮೊಳೆ ಏರಬೇಕೆಂದು ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲೇ ಮತದಾನವೂ ಉಂಟು. ಮತದಾರರು ಮೂವರು: ಮಾವ, ಅತ್ತೆ, ನಾನು. ಮೂರು ಚೀಟಿಯನ್ನೂ ಬರೆಯುವವರು ಮಾವ.

ನನಗೆ ನಾಚಿಕೆಯಾಗುವುದು ಏನೆಂದರೆ, ಈ ವಿಷಯದಲ್ಲಿ ನಾನೂ ಅವರ ಪಕ್ಷವೇ. ಕೀರ್ತಿಮಂದಿರದ ಬಾಗಿಲಲ್ಲಿ ನಿಂತು, ‘ಸೂಜಿಗೆ ಮುಂಚೆಯೂ ನಾನು ಚೆನ್ನಾಗಿಯೇ ಹೊಡೆಯುತ್ತಿದ್ದೆ’ ಎನ್ನುವ ಮಹಾಶಯರಿಗೆ ಏನು ಹೇಳುವುದು? ಹಾಗಿದ್ದರೆ ಸೂಜಿ ಯಾಕಪ್ಪಾ ಬೇಕಿತ್ತು?

ಇಂಥ ಮಾವ ನಮ್ಮ ಕನ್ನಡ ಕೂಟದ ಬಿಸಿಬೇಳೆಬಾತ್ ಸ್ಪರ್ಧೆಗೆ ನಿಯಮ ಬರೆದರೆ ಹೇಗಿರುತ್ತದೆ? ಹತ್ತು ಪುಟ ಇರುತ್ತದೆ! ಮೊದಲ ನಿಯಮ: ಪುಡಿ ಮನೆಯಲ್ಲೇ ಹುರಿದು ಮಾಡಿದ್ದಾಗಿರಬೇಕು. ಕೊನೆಯ ನಿಯಮ: ಐದು ಸಲ ಗೆದ್ದವರ ಹೆಸರು ಮರದ ಫಲಕದಲ್ಲಿ ಶಾಶ್ವತ. ಅತ್ತೆ ನಾಲ್ಕು ಸಲ ಗೆದ್ದಿದ್ದರು. ಐದನೆಯ ಗೆಲುವು ಸಿಗಬಹುದಾಗಿದ್ದ ಸ್ಪರ್ಧೆ ಕಳೆದ ಭಾನುವಾರ.

ಅದರ ಹಿಂದಿನ ದಿನ ಮಧ್ಯಾಹ್ನ ಮಾವನ ಮನೆಯಲ್ಲಿ ಕೂಟದ ಸಮಿತಿ ಸೇರಿತ್ತು. ಟಿಪ್ಪಣಿ ಬರೆದುಕೊಳ್ಳಲು ನಾನಿದ್ದೆ. ಮೊದಲ ವರ್ಷ ಗೆದ್ದಾಕೆ ಅಂಗಡಿಯ ಪ್ಯಾಕೆಟ್ ಪುಡಿ ಹಾಕಿದ್ದಳೆಂಬ ಸುದ್ದಿಯನ್ನು ಕಾರ್ಯದರ್ಶಿ ಅಂಕಲ್ ಮೆಲ್ಲಗೆ ತೆಗೆದರು. ಮಾವ ಎದ್ದೇ ನಿಂತರು.

“ಸ್ಟೆರಾಯ್ಡ್ ಕಣ್ರೀ ಇದು! ಗೆದ್ದವರ ಪಟ್ಟಿಯಿಂದ ತೆಗೀರಿ ಹೆಸರು!”

“ಪಾಪ ಸರ್, ಒಂದ್ಸಲ ಹಾಕಿರ್ಬಹುದು...”

“ಒಂದ್ಸಲ ಹಾಕಿದ್ರೂ ಎಲ್ಲ ರದ್ದು. ಹಿಂದಿಂದೂ ರದ್ದು!”

ಕಾಫಿ ತಟ್ಟೆ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತರು. “ಹಾಗಾದ್ರೆ ನನ್ನ ಹೆಸರೂ ತೆಗೀರಿ. ಹೋದ ಎರಡು ಸಲ ನಂದೂ ಪ್ಯಾಕೆಟ್ಟೇ.”

ಯಾರೂ ಕಾಫಿಗೆ ಕೈ ಚಾಚಲಿಲ್ಲ. ಮೊದಲು ಚೇತರಿಸಿಕೊಂಡವರು ಖಜಾಂಚಿ ಆಂಟಿ. “ಅಯ್ಯೋ ಬಿಡ್ರೀ, ಈಗ ಯಾರು ಹಾಕಲ್ಲ? ಎಲ್ಲರೂ ಹಾಕೋರೇ!”

“ಮೊದಲೆರಡು ಸಲ ಮನೆ ಪುಡೀನೇ ತಾನೇ ಮೇಡಂ?” ಎಂದರು ಕಾರ್ಯದರ್ಶಿ. “ಅದನ್ನ ಇಟ್ಕೊಳ್ಳೋಣ.”

ಬೇಸ್‌ಬಾಲಿನ ಸಬೂಬುಗಳೆಲ್ಲ ಒಂದೊಂದಾಗಿ ರೊಟೊಟೂನದ ಸೋಫಾ ಮೇಲೆ ಬಂದು ಕೂತವು! ನಾನು ಪೆನ್ನು ಹಿಡಿದು ಮಾವನನ್ನೇ ನೋಡಿದೆ. ಈಗ ನೋಡಿ, ಹನ್ನೊಂದನೆಯ ಪುಟ ಹುಟ್ಟುತ್ತದೆ, ಧರ್ಮಪತ್ನಿಯರಿಗೆ ವಿನಾಯಿತಿ!

ಮಾವ ಕೂತರು. “ತೆಗೀರಿ,” ಎಂದರು. “ನಾಲ್ಕೂ.”

ಮೂವತ್ತು ವರ್ಷ ಸಂಸಾರ ಮಾಡಿದವರಿಗೂ, ಮುಖ ಕಂಡಿರದ ಆಟಗಾರನಿಗೂ ಒಂದೇ ತಕ್ಕಡಿ! ನಾನು ಜಗಳವಾಡುವವಳಲ್ಲ. ಅಡುಗೆಮನೆಗೆ ಹೋಗಿ ಲೋಟಗಳನ್ನು ಸಾಧ್ಯವಾದಷ್ಟು ಸದ್ದು ಮಾಡಿ ತೊಳೆದೆ.

ಸಮಿತಿ ಹೊರಟ ಮೇಲೆ ಅತ್ತೆ ಪಕ್ಕ ಬಂದು ನಿಂತರು.

“ಯಾಕತ್ತೆ? ನಿಮಗೆ ಯಾಕೆ ಬೇಕಿತ್ತು?”

“ಎರಡು ವರ್ಷದ ಮೇಲಾಯ್ತು ಕಣೇ. ಆ ಜ್ವರ ಬಂದು ಹೋದ್ಮೇಲೆ ನಂಗೆ ವಾಸನೇನೇ ಬರಲ್ಲ. ಕೊತ್ತಂಬರಿ ಬೀಜ ಹದಕ್ಕೆ ಬಂತೋ, ಸೀದೇ ಹೋಯ್ತೋ, ಗೊತ್ತಾಗಲ್ಲ. ಮೂರು ಸಲ ಚೆಲ್ಲಿದೆ. ಆಮೇಲೆ ಪ್ಯಾಕೆಟ್ ತಂದೆ.”

“ಮಾವಂಗೆ ಹೇಳಿಲ್ವಾ?”

“ಹೇಳಿದ್ರೆ ಕನಿಕರಕ್ಕೆ ಹೆಸರು ಉಳಿಸಿಬಿಟ್ರೆ? ಅದು ಬೇಡ. ಅವರು ಒಳಗೆ ಬಂದ ತಕ್ಷಣ ‘ಇಂಗಿನ ಒಗ್ಗರಣೆ ಘಮ್ ಅಂತಿದೆ, ಹಿತ್ತಲಲ್ಲಿ ಹುಲ್ಲು ಕತ್ತರಿಸ್ತಿದಾರೆ’ ಅಂತ ಎಲ್ಲಾ ವರದಿ ಒಪ್ಪಿಸ್ತಾರೆ. ನಂಗೂ ವಾಸನೆ ಬರ್ತಿದೆ ಅನ್ನೋ ಹಾಗೆ ನಗ್ತೀನಿ.”

“ಆ ನಗು ನಂಗೆ ಗೊತ್ತು,” ಎಂದರು ಹಿಂದಿನಿಂದ ಮಾವ, ತಣ್ಣಗಾದ ಕಾಫಿಯ ತಟ್ಟೆ ಹಿಡಿದುಕೊಂಡು. “ಹೋದ ವರ್ಷ ನಿನ್ನ ಪಕ್ಕದಲ್ಲೇ ಹಾಲು ಸೀದು ತಳ ಹಿಡೀತು. ನೀನು ಪೇಪರಿಂದ ತಲೆ ಎತ್ಲಿಲ್ಲ. ಆವತ್ತೇ ಗೊತ್ತಾಯ್ತು.”

ಅತ್ತೆ ಅವರನ್ನೇ ನೋಡಿದರು. “ಮತ್ತೆ ದಿನಾ ಆ ವರದಿ?”

“ಏನೇನು ವಾಸನೆ ಬರ್ತಿದೆ ಅಂತ ನಿಂಗೆ ಯಾರಾದ್ರೂ ಹೇಳ್ಬೇಕಲ್ಲ.” ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ನಮ್ಮಿಬ್ಬರ ಮುಖವನ್ನೂ ನೋಡದೆ ಸೇರಿಸಿದರು: “ಪ್ಯಾಕೆಟ್ ವಿಷಯ ಗೊತ್ತಿರ್ಲಿಲ್ಲ. ಅದು ತಪ್ಪು ತಪ್ಪೇ. ನಾಳೆ ಸ್ಪರ್ಧೆಗೆ ನಿನ್ನ ಹೆಸರು ಹೊಸದಾಗಿ ಬರೆದಿದೀನಿ. ಮೊದಲನೇ ಸಲ ಅಂತ.”

“ಹುರಿಯೋರು ಯಾರು?”

ಮಾವ ಬ್ರೆಡ್ ಬಿಸಿ ಮಾಡಿದರೂ ಮನೆಯ ಹೊಗೆ ಅಲಾರಂ ಕೂಗುತ್ತದೆ.

ನಾನು ನಿಯಮಗಳ ಹತ್ತೂ ಪುಟಗಳನ್ನು ಎರಡೆರಡು ಸಲ ಓದಿದೆ. ಇನ್ನೊಬ್ಬರ ಮೂಗು ಬಳಸಬಾರದೆಂದು ಎಲ್ಲೂ ಬರೆದಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಅವರ ಅಡುಗೆಮನೆಯಲ್ಲಿದ್ದೆ. ಸೌಟು ಅತ್ತೆಯ ಕೈಯಲ್ಲಿತ್ತು. ನಾನು ಬಾಣಲೆಯ ಮೇಲೆ ಬಾಗಿ, ಕೊತ್ತಂಬರಿ ಬೀಜದ ಹಸಿ ವಾಸನೆ ಹೋಗುವವರೆಗೆ ಕಾದು, “ಈಗ ಇಳಿಸಿ ಅತ್ತೆ,” ಎಂದೆ.